ಇಪ್ಪತ್ತು ವರ್ಷ ಮನೆಗೆ ಬಾರದ ‘ಓಂ’

‘ಓಂ’ ಟಿ.ವಿ.ಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಚಿತ್ರ ತೆರೆಕಂಡದ್ದು 1995ರ ಮೇ ತಿಂಗಳಲ್ಲಿ. ಅದರ ಪ್ರಸಾರದ ಹಕ್ಕು ಉದಯ ಟಿ.ವಿ.ಯ ಪಾಲಾದದ್ದು 2015ರಲ್ಲಿ. ಹತ್ತು ಕೋಟಿ ರೂಪಾಯಿಯ ವ್ಯವಹಾರವೆಂದು ಆಗ ಪತ್ರಿಕೆಗಳಲ್ಲಿ ಬಂತು. ಬಿಡುಗಡೆಯಾಗಿ ಕೆಲವೇ ವಾರಗಳಿಗೆ ಹೊಸ ಚಿತ್ರ ನಡುಮನೆಗೆ ಬಂದು ಕೂರುವ ಈ ದಿನಗಳಲ್ಲಿ ಇದು ನಂಬುವ ಮಾತೇ ಅಲ್ಲ. ಹಾಗಂತ ಆ ಇಪ್ಪತ್ತು ವರ್ಷ ‘ಓಂ’ ಎಲ್ಲೂ ಮರೆಯಾಗಿರಲಿಲ್ಲ. ಯಾವುದೋ ಊರಿನ ಯಾವುದೋ ಟಾಕೀಸಿನಲ್ಲಿ ಓಡುತ್ತಲೇ ಇತ್ತು. 550ಕ್ಕೂ ಹೆಚ್ಚು ಸಲ ಮರುಬಿಡುಗಡೆ ಕಂಡಿತೆಂಬ ಲೆಕ್ಕ ಗಾಂಧಿನಗರದವರಿಗೆ ಬಾಯಿಪಾಠ.

ಆ ಚಿತ್ರ ಬಂದಾಗ ಚನ್ನಗಿರಿ, ಹೊನ್ನಾಳಿ ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ನ್ಯಾಮತಿ ತಾಲ್ಲೂಕಾದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಚನ್ನಗಿರಿ ಬಳಿಯ ಸೂಳೆಕೆರೆ ಸೀಮೆಯ ಜನರ ವಿಳಾಸವೇ ಬದಲಾದರೂ ಅವರ ಮನೆಯ ಟಿ.ವಿ.ಯಲ್ಲಿ ‘ಓಂ’ ಕಾಣಲಿಲ್ಲ. ನೋಡಬೇಕೆಂದವರು ಟಾಕೀಸಿಗೇ ಹೋಗಬೇಕಿತ್ತು, ಊರಿನಲ್ಲಿ ಇಲ್ಲದಿದ್ದರೆ ದಾವಣಗೆರೆಯ ಬಸ್ಸು ಹತ್ತಬೇಕಿತ್ತು.

ಇದನ್ನೆಲ್ಲ ಈಗ ತೆಗೆಯಲು ಕಾರಣ, ದೂರದ ಹಾಂಕಾಂಗಿನ ಒಂದು ಬೆಳವಣಿಗೆ. ಅಲ್ಲಿನ ರೌಡಿ ಸಿನಿಮಾಗಳ ಪೈಕಿ ಅತಿ ಹೆಸರುವಾಸಿಯಾದ ಕೆಲವು, ಎಷ್ಟೋ ವರ್ಷ ಒಳ್ಳೆಯ ಪ್ರತಿಯೇ ಇಲ್ಲದೆ ಒದ್ದಾಡಿ, 2025ರಲ್ಲಿ 4ಕೆ ಡಿಸ್ಕುಗಳಾಗಿ ಹೊರಬರತೊಡಗಿದವು. ನಮ್ಮ ‘ಓಂ’ ಮನೆಗೆ ಬಾರದಿದ್ದುದಕ್ಕೂ ಆ ಚಿತ್ರಗಳು ಬಾರದಿದ್ದುದಕ್ಕೂ ಕಾರಣ ಪೂರ್ತಿ ಬೇರೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಿನಿಮಾ ನಮ್ಮ ಮನೆ ಬಾಗಿಲಿಗೆ ಬರುವುದರ ಹಿಂದೆ ಏನೇನು ನಡೆಯುತ್ತದೆ, ಯಾವುದು ಕೆಟ್ಟರೆ ಅದು ಶಾಶ್ವತವಾಗಿ ಬರದೇ ಹೋಗುತ್ತದೆ ಎಂಬುದು ತಿಳಿಯುತ್ತದೆ.

ಎರಡು ಪಿಸ್ತೂಲು, ಒಂದು ಲಾಂಗು

ಹಾಂಕಾಂಗಿನ ಜನರ ಮಾತು ಕ್ಯಾಂಟನೀಸ್. ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್. ದೊಡ್ಡ ಭಾಷೆಯ ಪಕ್ಕದಲ್ಲಿ ಬದುಕುವ ಕಷ್ಟ ಕನ್ನಡಿಗರಿಗೆ ಹೊಸದಲ್ಲ. ಹಾಂಕಾಂಗಿನಲ್ಲೂ 1970ರ ದಶಕದ ಆರಂಭಕ್ಕೆ ಮ್ಯಾಂಡರಿನ್ ಚಿತ್ರಗಳ ಅಬ್ಬರದಲ್ಲಿ ಕ್ಯಾಂಟನೀಸ್ ಚಿತ್ರ ತಯಾರಿಕೆ ಹೆಚ್ಚುಕಡಿಮೆ ನಿಂತೇಹೋಗಿತ್ತು. 1973ರಲ್ಲಿ ‘ದಿ ಹೌಸ್ ಆಫ್ 72 ಟೆನೆಂಟ್ಸ್’ ಎಂಬ ವಠಾರದ ಕಥೆ ಗೆದ್ದ ಮೇಲೆ ಅದು ಮತ್ತೆ ತಲೆಯೆತ್ತಿತು. ಮುಂದಿನ ಹದಿನೈದು ವರ್ಷಗಳಲ್ಲಿ ಆ ಪುಟ್ಟ ಊರಿನ ಸಿನಿಮಾ ಇಡೀ ಏಷ್ಯಾವನ್ನು ಆಳಿತು.

ಅದರ ಗುರುತಾದದ್ದು 1986ರ ‘ಎ ಬೆಟರ್ ಟುಮಾರೋ’. ನಿರ್ದೇಶಕ ಜಾನ್ ವೂ, ನಿರ್ಮಾಪಕ ಸುಯಿ ಹಾರ್ಕ್. ಅಣ್ಣ ರೌಡಿ, ತಮ್ಮ ಪೊಲೀಸ್, ನಡುವೆ ಒಬ್ಬ ಜೀವದ ಗೆಳೆಯ. ಆ ಗೆಳೆಯನ ಪಾತ್ರ ಮಾಡಿದ ಚೌ ಯುನ್-ಫ್ಯಾಟ್ ಉದ್ದ ಕೋಟು, ಕಪ್ಪು ಕನ್ನಡಕ, ಬಾಯಲ್ಲಿ ಬೆಂಕಿಕಡ್ಡಿ, ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಬಂದ ಮೇಲೆ ಹಾಂಕಾಂಗಿನ ಸೆಖೆಯಲ್ಲೂ ಹುಡುಗರು ಉದ್ದ ಕೋಟು ತೊಟ್ಟು ತಿರುಗಿದರು. ಅಲ್ಲಿನ ಗಲ್ಲಾಪೆಟ್ಟಿಗೆಯ ಅಲ್ಲಿಯವರೆಗಿನ ದಾಖಲೆಯನ್ನೆಲ್ಲ ಚಿತ್ರ ಮುರಿಯಿತು. ಬಳಿಕ ವೂ ‘ದಿ ಕಿಲ್ಲರ್’ (1989), ‘ಹಾರ್ಡ್ ಬಾಯ್ಲ್ಡ್’ (1992) ಮಾಡಿದರು. ಹಿಂದಿಯ ‘ಆತಿಶ್’ (1994) ಇದೇ ಅಣ್ಣ–ತಮ್ಮನ ಕಥೆಯ ಎಳೆ ಹಿಡಿದು ಬಂತು. 2002ರ ‘ಇನ್‌ಫರ್ನಲ್ ಅಫೇರ್ಸ್’ ಅಮೆರಿಕದಲ್ಲಿ ‘ದಿ ಡಿಪಾರ್ಟೆಡ್’ ಆಗಿ ಆಸ್ಕರ್ ಗೆದ್ದಿತು.

ಕನ್ನಡದಲ್ಲಿ ರೌಡಿ ಲೋಕದ ಕಥೆ ‘ಎ ಬೆಟರ್ ಟುಮಾರೋ’ಗೂ ಮುಂಚೆಯೇ ಇತ್ತು. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ (1981) ಚಿತ್ರದ ಪೊಲೀಸ್ ಅಧಿಕಾರಿ ತನ್ನನ್ನೇ ಹೋಲುವ ಪಾತಕಿಯ ವೇಷದಲ್ಲಿ ಪಾತಕಿಗಳ ಕೋಟೆಯೊಳಕ್ಕೆ ಹೊಕ್ಕಿದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ಆದರೆ ಬೆಂಗಳೂರಿನ ಬೀದಿಯ ರೌಡಿಯನ್ನು ಅವನ ಮಾತು, ಅವನ ಲಾಂಗು, ಅವನ ಮನೆಯ ಪೂಜೆಯ ಗಂಟೆಯ ಸಮೇತ ತೆರೆಗೆ ತಂದದ್ದು ‘ಓಂ’. ಉಪೇಂದ್ರ ಬರೆದು ನಿರ್ದೇಶಿಸಿದ ಚಿತ್ರ. ಪಾರ್ವತಮ್ಮ ರಾಜ್‌ಕುಮಾರ್ ಅವರ ನಿರ್ಮಾಣ, ಹಂಸಲೇಖ ಸಂಗೀತ, ಬಿ.ಸಿ. ಗೌರಿಶಂಕರ್ ಛಾಯಾಗ್ರಹಣ. ಅರ್ಚಕರ ಮನೆಯ ಹುಡುಗ ಸತ್ಯ ರೌಡಿಯಾದದ್ದು ಹೇಗೆ ಎಂಬುದನ್ನು ಹಿಂದು ಮುಂದು ಮಾಡಿ ಹೇಳುವ ಆ ಕಥೆಯಲ್ಲಿ ಬೆಂಗಳೂರಿನ ನಿಜವಾದ ರೌಡಿಗಳೇ ಬಂದು ನಟಿಸಿದ್ದರು. ನಾಯಕ ಶಿವರಾಜ್‌ಕುಮಾರ್, ನಾಯಕಿ ಪ್ರೇಮಾ ಇಬ್ಬರಿಗೂ ರಾಜ್ಯ ಪ್ರಶಸ್ತಿ ಬಂತು. ತೆಲುಗಿನಲ್ಲಿ ಉಪೇಂದ್ರ ಅವರೇ ‘ಓಂಕಾರಂ’ ಮಾಡಿದರು, ಹಿಂದಿಯಲ್ಲಿ ಅದು ‘ಅರ್ಜುನ್ ಪಂಡಿತ್’ ಆಯಿತು. ಹತ್ತು ವರ್ಷದ ಮೇಲೆ ‘ಜೋಗಿ’, ಅದರ ಬೆನ್ನಿಗೆ ‘ಆ ದಿನಗಳು’ ಬಂದಾಗ ‘ಮಚ್ಚು–ಲಾಂಗು ಸಿನಿಮಾ’ ಎಂಬ ಜಾತಿಯೇ ಹುಟ್ಟಿಕೊಂಡಿತ್ತು.

ಹಾಂಕಾಂಗಿನ ರೌಡಿ ಗುಂಡು ಹಾರಿಸಿದರೆ ಬೆಂಗಳೂರಿನ ರೌಡಿ ಲಾಂಗು ಬೀಸುತ್ತಾನೆ. ಉಳಿದಂತೆ ಎರಡೂ ಕಡೆ ನಿಷ್ಠೆ, ದ್ರೋಹ, ತಾಯಿಯ ಕಣ್ಣೀರು, ತಡವಾಗಿ ಬರುವ ಪಶ್ಚಾತ್ತಾಪ. ಎರಡೂ ತಮ್ಮ ತಮ್ಮ ಊರಿನ ಹುಡುಗರನ್ನು ಹುಚ್ಚೆಬ್ಬಿಸಿದವು. ಬಳಿಕದ ದಾರಿ ಮಾತ್ರ ಬೇರೆಯಾಯಿತು.

ಕೆರೆ ಒಂದು, ತೂಬು ಹಲವು

ಸಿನಿಮಾ ಹಕ್ಕು ಎಂದರೇನು ಎಂಬುದನ್ನು ಸೂಳೆಕೆರೆ ಸೀಮೆಯವರಿಗೆ ಹೇಳುವುದು ಸುಲಭ. ಕೆರೆ ಒಂದೇ. ಸಿದ್ದನ ನಾಲೆಗೆ ಒಂದು ತೂಬು, ಬಸವನ ನಾಲೆಗೆ ಇನ್ನೊಂದು. ಚಿತ್ರದುರ್ಗಕ್ಕೆ ಕುಡಿಯುವ ನೀರು ಹೋಗುವುದು ಬೇರೆಯೇ ಕೊಳವೆಯಲ್ಲಿ. ಒಂದು ತೂಬು ಎತ್ತಿದರೆ ಇನ್ನೊಂದು ನಾಲೆಗೆ ನೀರು ಹರಿಯದು. ಸಿನಿಮಾವೂ ಹಾಗೆಯೇ: ಟಾಕೀಸಿನ ಹಕ್ಕು ಒಂದು, ಕ್ಯಾಸೆಟ್ಟು–ಡಿಸ್ಕಿನ ವಿಡಿಯೊ ಹಕ್ಕು ಒಂದು, ಸ್ಯಾಟಲೈಟ್ ಹಕ್ಕು ಒಂದು, ಈಗ ಇಂಟರ್‌ನೆಟ್ಟಿನ ಡಿಜಿಟಲ್ ಹಕ್ಕು ಮತ್ತೊಂದು. ಡಬ್ಬಿಂಗು, ರೀಮೇಕು ಬೇರೆ. ಒಂದೊಂದನ್ನೂ ಒಬ್ಬೊಬ್ಬರಿಗೆ, ಇಷ್ಟಿಷ್ಟು ವರ್ಷಕ್ಕೆಂದು ಕೊಡಬಹುದು. ಇವೆಲ್ಲದರ ಮೂಲ ಕೆರೆಯೇ ಚಿತ್ರರಂಗದವರು ‘ನೆಗೆಟಿವ್ ರೈಟ್ಸ್’ ಎನ್ನುವ ಒಡೆತನ. ನಮ್ಮ ಕಾಯ್ದೆಯ ಪ್ರಕಾರ ಅದು ಮೊದಲಿಗೆ ನಿರ್ಮಾಪಕರದು.

‘ಓಂ’ ವಿಷಯದಲ್ಲಿ ಕೆರೆ ಯಾರದು ಎಂಬ ಬಗ್ಗೆ ಗೊಂದಲವಿರಲಿಲ್ಲ. ಅದು ರಾಜ್‌ಕುಮಾರ್ ಕುಟುಂಬದ್ದು. ಉದಯ ಟಿ.ವಿ. ಶುರುವಾದದ್ದು 1994ರಲ್ಲಿ, ಅಂದರೆ ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಮನೆಯ ನಾಲೆ ಆಗತಾನೇ ತೋಡಲಾಗಿತ್ತು. ಅಂದಿನ ನಿರ್ಮಾಪಕರಿಗೆ ಸ್ಯಾಟಲೈಟ್ ಹಕ್ಕು ಎಂದರೆ ಆಕಾಶದಿಂದ ಬಿದ್ದ ಹಣ. ಸಿಕ್ಕಷ್ಟಕ್ಕೆ, ಕೆಲವರು ಎಂದೆಂದಿಗೂ ಎಂದು ಬರೆದು, ಕೊಟ್ಟು ಕೈ ತೊಳೆದುಕೊಂಡರು. ‘ಓಂ’ ಒಡೆಯರು ಆ ತೂಬನ್ನು ಎತ್ತಲಿಲ್ಲ. ಟಿ.ವಿ.ಯಲ್ಲಿ ಪುಕ್ಕಟೆ ಬಾರದ ಚಿತ್ರಕ್ಕೆ ಟಾಕೀಸಿನಲ್ಲಿ ಟಿಕೆಟ್ಟು ಹರಿಯುತ್ತದೆ. ಹೊಸ ಚಿತ್ರ ಸೋತು ಶುಕ್ರವಾರ ಖಾಲಿ ಬಿದ್ದ ಟಾಕೀಸಿಗೆ ‘ಓಂ’ ಡಬ್ಬ ತಂದರೆ ಒಂದು ವಾರದ ಬಾಡಿಗೆ ಹುಟ್ಟುತ್ತದೆಂಬುದು ಪ್ರದರ್ಶಕರಿಗೂ ಗೊತ್ತಿತ್ತು. ಬೆಂಗಳೂರಿನ ಕಪಾಲಿಯಿಂದ ಹಿಡಿದು ತಾಲ್ಲೂಕು ಕೇಂದ್ರದ ಸಣ್ಣ ಟಾಕೀಸಿನವರೆಗೆ ಇದೇ ಲೆಕ್ಕ. ಕೊಡದೇ ಇದ್ದುದರಿಂದಲೇ ಅದರ ಬೆಲೆ ಏರಿತು.

ಹಾಂಕಾಂಗಿನಲ್ಲಿ ನಡೆದದ್ದು ತದ್ವಿರುದ್ಧ. ಜಾನ್ ವೂ ಅವರ ಈ ಮೂರೂ ಚಿತ್ರಗಳು ಗೋಲ್ಡನ್ ಪ್ರಿನ್ಸೆಸ್ ಎಂಬ ಸಂಸ್ಥೆಯ ಬುಟ್ಟಿಗೆ ಸೇರಿದ್ದವು. ಅದು ಚಿತ್ರಮಂದಿರಗಳ ಸಾಲನ್ನೇ ಹೊಂದಿದ್ದು, ತನ್ನ ತೆರೆಗಳಿಗೆ ಬೇಕಾದ ಚಿತ್ರಗಳಿಗೆ ತಾನೇ ಹಣ ಹಾಕುತ್ತಿತ್ತು. 1990ರ ದಶಕದಲ್ಲಿ ಸಂಸ್ಥೆ ಚಿತ್ರ ವ್ಯವಹಾರದಿಂದ ಹಿಂದೆ ಸರಿಯಿತು. ಅಮೆರಿಕದ ಕ್ರೈಟೀರಿಯನ್ ಕಂಪನಿ 1998ರಲ್ಲಿ ‘ದಿ ಕಿಲ್ಲರ್’, ‘ಹಾರ್ಡ್ ಬಾಯ್ಲ್ಡ್’ ಡಿವಿಡಿಗಳನ್ನು ತಂದಿತ್ತು. ಒಪ್ಪಂದದ ಅವಧಿ ಮುಗಿದ ಮೇಲೆ ಅವು ಅಂಗಡಿಯಿಂದ ಮಾಯವಾದವು. ಹಳೆಯ ಡಿಸ್ಕಿದ್ದವನೇ ಶ್ರೀಮಂತ ಎನ್ನುವಂತಾಯಿತು. ಅಲ್ಲೊಂದು ಇಲ್ಲೊಂದು ಬಿಡುಗಡೆಯಾದರೂ ಹೊಸ ಕಾಲದ ಗುಣಮಟ್ಟದ ಪ್ರತಿ ಬರಲಿಲ್ಲ. ಜಗತ್ತಿನ ಸಾಹಸ ಚಿತ್ರಗಳ ಪಾಠದಲ್ಲಿ ಮೊದಲ ಸಾಲಿನಲ್ಲಿ ಬರುವ ಸಿನಿಮಾವನ್ನು ವಿದ್ಯಾರ್ಥಿಗಳು ಕಳ್ಳ ಪ್ರತಿಯಲ್ಲಿ ನೋಡಬೇಕಾದ ಸ್ಥಿತಿ.

2025ರ ಜನವರಿಯಲ್ಲಿ ಅಮೆರಿಕದ ಶೌಟ್ ಸ್ಟುಡಿಯೋಸ್, ಗೋಲ್ಡನ್ ಪ್ರಿನ್ಸೆಸ್‌ನ 156 ಚಿತ್ರಗಳ ಹಕ್ಕನ್ನು ಏಷ್ಯಾದ ಕೆಲವು ದೇಶಗಳನ್ನು ಬಿಟ್ಟು ಒಟ್ಟಾಗಿ ಕೊಂಡಿದ್ದಾಗಿ ಪ್ರಕಟಿಸಿತು. ಅದೇ ವರ್ಷ ಒಂದೊಂದಾಗಿ ಡಿಸ್ಕುಗಳು ಬರತೊಡಗಿದವು. ಇಷ್ಟು ವರ್ಷ ಅಡ್ಡಿಯಾಗಿದ್ದುದು ತಂತ್ರಜ್ಞಾನವಲ್ಲ, ನೋಡುವವರ ಕೊರತೆಯಂತೂ ಅಲ್ಲವೇ ಅಲ್ಲ. ಹಕ್ಕಿನ ಕಾಗದ ಒಂದು ಕೈಗೆ ಸೇರಿದ ವರ್ಷವೇ ಚಿತ್ರಗಳು ಹೊರಬಂದವು.

ನಾಲ್ಕು ಕಿಲೋಮೀಟರ್ ಉದ್ದದ ಸಿನಿಮಾ

ಕಾಗದವಿದ್ದರೆ ಸಾಲದು, ನೆಗೆಟಿವ್ ಕೂಡ ಬೇಕು. ಎರಡೂವರೆ ಗಂಟೆಯ ಒಂದು ಚಿತ್ರವೆಂದರೆ 35 ಎಂ.ಎಂ. ಫಿಲ್ಮಿನಲ್ಲಿ ಸುಮಾರು 13,500 ಅಡಿ, ನಾಲ್ಕು ಕಿಲೋಮೀಟರಿಗೂ ಉದ್ದ. ಸೆಕೆಂಡಿಗೆ 24ರಂತೆ ಎರಡು ಲಕ್ಷ ಹದಿನಾರು ಸಾವಿರ ಚೌಕಟ್ಟುಗಳು. ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್ ಒಂದೇ. ಅದರಿಂದ ತೆಗೆದ ಪ್ರಿಂಟುಗಳು ಸಾವಿರ ಅಡಿಯ ಸುರುಳಿಗಳಾಗಿ ಡಬ್ಬ ಸೇರಿ ಬಸ್ಸು, ರೈಲು, ಲೂನಾ ಹತ್ತಿ ಊರೂರು ತಿರುಗುತ್ತವೆ. ಪ್ರತಿ ಪ್ರದರ್ಶನಕ್ಕೂ ಒಂದಿಷ್ಟು ಗೀರು, ಒಂದಿಷ್ಟು ಧೂಳು. ಹರಿದಲ್ಲಿ ಆಪರೇಟರ್ ಕತ್ತರಿಸಿ ಅಂಟಿಸುತ್ತಾನೆ. ಹತ್ತು ಊರು ದಾಟುವಷ್ಟರಲ್ಲಿ ನಾಯಕನ ಒಂದು ಸಂಭಾಷಣೆಯೇ ಹಾರಿಹೋಗಿರುತ್ತದೆ. ತಾಲ್ಲೂಕಿನ ಟಾಕೀಸಿಗೆ ಬಹಳಷ್ಟು ಸಲ ಬರುತ್ತಿದ್ದುದು ದೊಡ್ಡ ಊರುಗಳಲ್ಲಿ ಹೀಗೆ ಸವೆದು ಬಂದ ಪ್ರಿಂಟೇ. ‘ಮಳೆ ಬೀಳುವ’ ಪರದೆಯ ಮೇಲೆ ಸಿನಿಮಾ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನೆಗೆಟಿವ್ ಕೂಡ ಚಿರಂಜೀವಿಯಲ್ಲ. ಸೆಖೆ, ತೇವಕ್ಕೆ ಸಿಕ್ಕ ಅಸಿಟೇಟ್ ಫಿಲ್ಮು ಹುಳಿ ಹುಳಿ ವಾಸನೆ ಬೀರುತ್ತ ಮುದುಡಿ ಕುಗ್ಗುತ್ತದೆ. ಒಂದು ಡಬ್ಬದಲ್ಲಿ ಶುರುವಾದದ್ದು ಪಕ್ಕದ ಡಬ್ಬಕ್ಕೂ ಹಬ್ಬುತ್ತದೆ. ಬಣ್ಣದ ನೆಗೆಟಿವ್ ಮಾಸುತ್ತದೆ. ಎಷ್ಟೋ ಕನ್ನಡ ಚಿತ್ರಗಳು ಸಂಸ್ಕರಣೆಯಾದದ್ದು ಮದರಾಸಿನ ಲ್ಯಾಬುಗಳಲ್ಲಿ, ನೆಗೆಟಿವ್ ಉಳಿದದ್ದೂ ಅಲ್ಲೇ. ಡಿಜಿಟಲ್ ಬಂದು ಆ ಲ್ಯಾಬುಗಳು ಬಾಗಿಲು ಹಾಕುತ್ತ ಬಂದಾಗ ಬಾಡಿಗೆ ಕಟ್ಟದ, ಕೇಳುವವರಿಲ್ಲದ ಡಬ್ಬಗಳ ಗತಿ ಏನಾಗಿರಬೇಕೆಂದು ಊಹಿಸುವುದು ಕಷ್ಟವಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಇವತ್ತು ಯಾರ ಬಳಿಯೂ ಇಲ್ಲ. ಫೋಟೊ, ಜಾಹೀರಾತುಗಳಲ್ಲಷ್ಟೇ ಉಳಿದಿದೆ.

ಪುನರುಜ್ಜೀವನವೆಂದರೆ ಈ ನೆಗೆಟಿವನ್ನು ತೊಳೆದು, ಹರಿದ ಅಂಚುಗಳನ್ನು ಕೈಯಿಂದ ಸರಿಪಡಿಸಿ, ಒಂದೊಂದೇ ಚೌಕಟ್ಟನ್ನು ಸ್ಕ್ಯಾನ್ ಮಾಡುವುದು. ಬಳಿಕ ಗೀರು ತೆಗೆದು, ನಡುಗುವ ಚಿತ್ರವನ್ನು ನಿಲ್ಲಿಸಿ, ಬಣ್ಣವನ್ನು ಛಾಯಾಗ್ರಾಹಕ ಉದ್ದೇಶಿಸಿದ್ದಂತೆ ಹೊಂದಿಸಬೇಕು. ಇಲ್ಲಿ ಅತಿಬುದ್ಧಿವಂತಿಕೆಗೂ ಜಾಗವಿದೆ. ಹಾಂಕಾಂಗಿನ ಎಷ್ಟೋ ಚಿತ್ರಗಳ ಡಿವಿಡಿ ತಂದವರು ಮೂಲದ ಮೋನೊ ಧ್ವನಿಯನ್ನು ಕಿತ್ತುಹಾಕಿ, ಹೊಸ ಗುಂಡಿನ ಸದ್ದುಗಳನ್ನು ತುಂಬಿ, ಆರು ಸ್ಪೀಕರಿನ ಧ್ವನಿಯೆಂದು ಮಾರಿದರು. ಕೇಳಿದ ಅಭಿಮಾನಿಗಳು ಸಿಟ್ಟಾದರು. ಅದಕ್ಕೇ ಈಗಿನ ಒಳ್ಳೆಯ ಬಿಡುಗಡೆಗಳಲ್ಲಿ ಮೂಲ ಕ್ಯಾಂಟನೀಸ್ ಧ್ವನಿಪಥ ಇದೆಯೇ ಎಂಬುದೇ ಜನ ಕೇಳುವ ಮೊದಲ ಪ್ರಶ್ನೆ. ನಮ್ಮಲ್ಲಿ ‘ಸತ್ಯ ಹರಿಶ್ಚಂದ್ರ’ (2008), ‘ಕಸ್ತೂರಿ ನಿವಾಸ’ (2014) ಬಣ್ಣ ಬಳಿದುಕೊಂಡು ಬಂದಾಗ ಜನ ಮುಗಿಬಿದ್ದು ನೋಡಿದರು. ಆದರೆ ಬಣ್ಣ ಬಳಿಯುವುದು ಬೇರೆ, ಇದ್ದದ್ದನ್ನು ಇದ್ದಂತೆ ಉಳಿಸುವುದು ಬೇರೆ. ಎರಡನೆಯದಕ್ಕೆ ನಮ್ಮ ಹತ್ತಿರದ ಒಳ್ಳೆಯ ಉದಾಹರಣೆ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977). ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ಸಂಸ್ಥೆ ಸೇರಿ ಅದನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು.

ಕಲಾತ್ಮಕ ಚಿತ್ರಕ್ಕೆ ಹೀಗೆ ಹೊರಗಿನ ಕೈ ಸಿಗುತ್ತದೆ. ಸಿಳ್ಳೆ ಹೊಡೆಸಿಕೊಂಡ ಚಿತ್ರಕ್ಕೆ ಸಿಗುವುದು ಕಡಿಮೆ. ಅದು ಹೇಗಿದ್ದರೂ ಉಳಿಯುತ್ತದೆಂಬ ಭ್ರಮೆ. ಹಾಂಕಾಂಗಿನ ರೌಡಿಗಳ ಮೂರು ದಶಕದ ಪರದಾಟ ಆ ಭ್ರಮೆಗೆ ಉತ್ತರ.

ವಿಸಿಡಿ ಎಂಬ ಏಷ್ಯಾದ ತಟ್ಟೆ

ಮನೆಯಲ್ಲಿ ಸಿನಿಮಾ ನೋಡುವ ಆಸೆ ನಮ್ಮ ಹಳ್ಳಿಗಳಿಗೆ ಟಿ.ವಿ. ಚಾನೆಲ್ಲುಗಳಿಗಿಂತ ಮೊದಲೇ ಬಂದಿತ್ತು. ಗಣಪತಿ ಹಬ್ಬಕ್ಕೋ ಗೃಹಪ್ರವೇಶಕ್ಕೋ ಪಟ್ಟಣದಿಂದ ಕಲರ್ ಟಿ.ವಿ., ವಿಸಿಪಿ ಬಾಡಿಗೆಗೆ ತಂದು, ಕರೆಂಟು ಹೋದರೆ ಇರಲೆಂದು ಜನರೇಟರ್ ಇಟ್ಟು, ರಾತ್ರಿಯಿಡೀ ಮೂರು ಸಿನಿಮಾ ಹಾಕುತ್ತಿದ್ದ ಕಾಲ ಐವತ್ತು ದಾಟಿದ ಎಲ್ಲರಿಗೂ ನೆನಪಿದೆ. ಮೊದಲನೆಯದು ಅಣ್ಣಾವ್ರ ಚಿತ್ರ, ಹೆಂಗಸರು ಮಕ್ಕಳಿಗೆ. ಕೊನೆಯದು ಫೈಟಿಂಗ್ ಸಿನಿಮಾ, ನಿದ್ದೆಗೆಟ್ಟ ಹುಡುಗರಿಗೆ. ಬ್ರೂಸ್ ಲೀ, ಜಾಕಿ ಚಾನ್ ನಮ್ಮ ಊರುಗಳ ಪರಿಚಯ ಮಾಡಿಕೊಂಡದ್ದು ಬಹುಪಾಲು ಈ ಕೊನೆಯ ಆಟದಲ್ಲಿ. ಅವರು ಕನ್ನಡ ಮಾತಾಡಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಅಲಿಖಿತ ಕಟ್ಟಳೆ ಚಿತ್ರರಂಗದಲ್ಲಿ ದಶಕಗಳ ಕಾಲ ನಡೆದಿತ್ತು. ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟದ್ದು 2015ರಲ್ಲಿ. ಅಲ್ಲಿಯವರೆಗೆ ಹಾಂಕಾಂಗಿನವರು ನಮ್ಮ ಪರದೆಯ ಮೇಲೆ ಇಂಗ್ಲಿಷ್, ಹಿಂದಿ, ತೆಲುಗು ಮಾತಾಡುತ್ತ ಒದೆ ಕೊಟ್ಟರು. ಒದೆಗೆ ಭಾಷೆ ಬೇಕಿರಲಿಲ್ಲವಾದ್ದರಿಂದ ಯಾರೂ ದೂರಲಿಲ್ಲ.

ಆಮೇಲೆ ಬಂದದ್ದು ವಿಸಿಡಿ. 1993ರಲ್ಲಿ ರೂಪುಗೊಂಡ ಈ ತಟ್ಟೆಯನ್ನು ಅಮೆರಿಕ, ಯುರೋಪಿನವರು ಮೂಸಲೂ ಇಲ್ಲ. ಚೀನಾ, ಹಾಂಕಾಂಗ್, ಭಾರತ ಅದನ್ನು ತಲೆಯ ಮೇಲೆ ಹೊತ್ತವು. ಟೇಪಿನಂತೆ ಬೂಸ್ಟು ಹಿಡಿಯದು, ಮಾಡಲು ಅಗ್ಗ. ಒಂದು ಡಿಸ್ಕಿನಲ್ಲಿ ಹಿಡಿಯುವುದು ಒಂದೂಕಾಲು ಗಂಟೆಯ ಆಸುಪಾಸು. ಹಾಗಾಗಿ ಒಂದು ಸಿನಿಮಾಕ್ಕೆ ಎರಡು ಡಿಸ್ಕು, ನಡುವೆ ಎದ್ದು ಬದಲಿಸಬೇಕು. ಚಿತ್ರದ ಸ್ಪಷ್ಟತೆ ಮಾತ್ರ ಅಷ್ಟಕ್ಕಷ್ಟೆ. ವಿಸಿಡಿಯ ಒಂದು ಚೌಕಟ್ಟಿನಲ್ಲಿ ಇರುವುದು ಸುಮಾರು ಒಂದು ಲಕ್ಷ ಚುಕ್ಕಿ. ಡಿವಿಡಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು. ಬ್ಲೂ-ರೇಯಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. 4ಕೆ ಡಿಸ್ಕಿನಲ್ಲಿ ಸುಮಾರು 83 ಲಕ್ಷ. ಕತ್ತಲಲ್ಲಿ ನಿಂತ ರೌಡಿಯ ಮುಖ ವಿಸಿಡಿಯಲ್ಲಿ ಬರೀ ಕಪ್ಪು ಗುಪ್ಪೆಯಾಗಿ ಕಾಣುತ್ತಿದ್ದುದಕ್ಕೆ ಇದೇ ಕಾರಣ. ಗೌರಿಶಂಕರ್ ಅಂಥ ಛಾಯಾಗ್ರಾಹಕರು ನೆರಳು ಬೆಳಕಿನಲ್ಲಿ ಬರೆದದ್ದೆಲ್ಲ ಅಲ್ಲಿ ಅಳಿಸಿಹೋಗುತ್ತದೆ.

ಅಗ್ಗದ ತಟ್ಟೆ ಕಳ್ಳರಿಗೂ ಅಗ್ಗ. 1990ರ ದಶಕದ ಕೊನೆಗೆ ಹಾಂಕಾಂಗ್ ಚಿತ್ರರಂಗದ ಬೆನ್ನು ಮುರಿದ ಕಾರಣಗಳಲ್ಲಿ ಕಳ್ಳ ವಿಸಿಡಿ ದೊಡ್ಡದು. ಹೊಸ ಚಿತ್ರ ತೆರೆಕಾಣುವ ವಾರವೇ ಬೀದಿ ಬದಿಯಲ್ಲಿ ಸಿಗುತ್ತಿತ್ತು. ನಮ್ಮ ಬಸ್ ನಿಲ್ದಾಣಗಳ ಮುಂದೆಯೂ ಇದೇ ದೃಶ್ಯ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆ ಇಟ್ಟು, ಕಳ್ಳ ಮಾಲಿನ ದರದಲ್ಲೇ ಅಸಲಿ ಮಾಲು ಕೊಡಲು ಹೊರಟಿತು. ಕೆಲವು ವರ್ಷ ಅದು ನಡೆಯಿತು ಕೂಡ. ಅಷ್ಟರಲ್ಲಿ ಮೊಬೈಲು, ಮೆಮೊರಿ ಕಾರ್ಡು ಬಂದು ಡಿಸ್ಕಿನ ಕಾಲವೇ ಮುಗಿಯಿತು, ಕಂಪನಿಯೂ ಮುಳುಗಿತು. ಕರ್ನಾಟಕ ಸರ್ಕಾರ ತನ್ನ 1985ರ ಗೂಂಡಾ ಕಾಯ್ದೆಯ ಪಟ್ಟಿಗೆ ವಿಡಿಯೊ ಕಳ್ಳರನ್ನೂ ಮುಂದೆ ಸೇರಿಸಿತು. ರೌಡಿ ಸಿನಿಮಾದ ಕಳ್ಳ ಡಿಸ್ಕು ಮಾರಿದವನನ್ನು ರೌಡಿಯನ್ನು ಹಿಡಿಯುವ ಕಾಯ್ದೆಯಲ್ಲೇ ಹಿಡಿಯಬಹುದು!

ಹೋದ ಡಿಸ್ಕಿನ ಜೊತೆ ಒಂದು ಅನುಕೂಲವೂ ಹೋಯಿತು. ಕೊಂಡ ಡಿಸ್ಕು ನಮ್ಮದು. ಆ್ಯಪ್‌ನಲ್ಲಿ ನೋಡುವ ಸಿನಿಮಾ ನಮ್ಮದಲ್ಲ. ಅವರ ಒಪ್ಪಂದ ಮುಗಿದ ದಿನ ಅದು ಸದ್ದಿಲ್ಲದೆ ಮಾಯ. ಟಿ.ವಿ.ಯದು ಇನ್ನೊಂದು ಕಥೆ. ‘ಎ’ ಪ್ರಮಾಣಪತ್ರದ ಚಿತ್ರವನ್ನು ಹಾಗೆಯೇ ಪ್ರಸಾರ ಮಾಡುವಂತಿಲ್ಲ. ಕತ್ತರಿ ಹಾಕಿಸಿ ‘ಯು/ಎ’ ಪಡೆಯಬೇಕು. ಮಚ್ಚು–ಲಾಂಗು ಜಾತಿಯ ಚಿತ್ರಗಳಿಗೆ ಈ ಕತ್ತರಿ ಬಲವಾಗಿಯೇ ಬೀಳುತ್ತದೆ. ಅದರ ಮೇಲೆ ಜಾಹೀರಾತು, ಮೂಲೆಯಲ್ಲಿ ಲೋಗೊ, ಕೆಳಗೆ ಓಡುವ ಅಕ್ಷರ. ನಾವು ಮನೆಯಲ್ಲಿ ನೋಡಿದ್ದೇವೆ ಎಂದುಕೊಂಡ ಎಷ್ಟೋ ಚಿತ್ರಗಳನ್ನು ನಿಜವಾಗಿ ಪೂರ್ತಿ ನೋಡಿಯೇ ಇಲ್ಲ.

ಟಾಕೀಸು ಮುಚ್ಚಿದ ಮೇಲೆ

‘ಓಂ’ ಒಡೆಯರ ತಂತ್ರ ಗೆದ್ದದ್ದು ಅದಕ್ಕೆ ತಕ್ಕ ಟಾಕೀಸುಗಳಿದ್ದುದರಿಂದ. ತಾಲ್ಲೂಕು ಕೇಂದ್ರದಲ್ಲಿ ಒಂದೆರಡು ಒಂಟಿ ಪರದೆಯ ಟಾಕೀಸು, ವಾರಕ್ಕೊಂದು ಚಿತ್ರ ಬದಲಾಯಿಸುವ ರೂಢಿ, ಹಳೆಯದಾದರೂ ನೋಡುವ ಪ್ರೇಕ್ಷಕ. ಆ ಸಾಲು ಕಳಚುತ್ತಿದೆ. ‘ಓಂ’ ಎಂದೊಡನೆ ನೆನಪಾಗುವ ಕಪಾಲಿಯನ್ನೇ ಕೆಡವಿಹಾಕಿದರು. ರಾಜ್ಯದ ಎಷ್ಟೋ ಟಾಕೀಸುಗಳು ಕಲ್ಯಾಣ ಮಂಟಪ, ಗೋದಾಮು, ಖಾಲಿ ನಿವೇಶನಗಳಾಗಿವೆ. 2024ರಲ್ಲಿ ಉಪೇಂದ್ರ ಅವರದೇ ‘ಎ’, 2025ರಲ್ಲಿ ಪುನೀತ್ ಅವರ ‘ಅಪ್ಪು’ ಮತ್ತೆ ತೆರೆಕಂಡು ಜನ ಕುಣಿದದ್ದು ನಿಜ. ಆದರೆ ಅದು ಕೆಲವು ದಿನದ ಹಬ್ಬ. ವರ್ಷವಿಡೀ ಊರೂರು ತಿರುಗಿ ಚಿತ್ರವನ್ನು ಬದುಕಿಸಿಟ್ಟ ಹಿಂದಿನ ವ್ಯವಸ್ಥೆ ಅದಲ್ಲ.

ಹಾಗಾದರೆ ಮುಂದಿನ ಮೂವತ್ತು ವರ್ಷ ಕನ್ನಡದ ಜನಪ್ರಿಯ ಚಿತ್ರಗಳನ್ನು ಬದುಕಿಸುವುದು ಮನೆಯಲ್ಲಿ ಸಿಗುವ ಒಳ್ಳೆಯ ಪ್ರತಿಯೇ. ಅದು ಡಿಸ್ಕೋ ಆ್ಯಪ್ಪೋ ಎಂಬುದು ಮುಖ್ಯವಲ್ಲ. ಮೂಲ ನೆಗೆಟಿವಿನಿಂದ ಆದದ್ದೇ, ಪೂರ್ತಿ ಉದ್ದದ್ದೇ, ಮೂಲ ಧ್ವನಿಯೇ, ಅಡಿಬರಹ ಇದೆಯೇ ಎಂಬ ನಾಲ್ಕು ಪ್ರಶ್ನೆ ಮುಖ್ಯ. ಅಡಿಬರಹದ ವಿಷಯದಲ್ಲಿ ಹಾಂಕಾಂಗ್ ನಮಗಿಂತ ಬಹಳ ಮುಂದಿತ್ತು. ಬ್ರಿಟಿಷರ ಆಡಳಿತದಲ್ಲಿದ್ದ ಆ ಊರಿನ ಚಿತ್ರಗಳು ಚೀನಿ, ಇಂಗ್ಲಿಷ್ ಎರಡೂ ಸಾಲುಗಳನ್ನು ಪ್ರಿಂಟಿನ ಮೇಲೇ ಅಚ್ಚೊತ್ತಿಕೊಂಡು ಬರುತ್ತಿದ್ದವು. ಇಂಗ್ಲಿಷು ನಗು ತರಿಸುವಷ್ಟು ಕೆಟ್ಟದಾಗಿದ್ದರೂ ಅದರಿಂದಲೇ ಹೊರಗಿನವರು ನೋಡಿದರು. ನಮ್ಮ ಹಳೆಯ ಚಿತ್ರಗಳ ಬಹುಪಾಲು ಪ್ರತಿಗಳಲ್ಲಿ ಇವತ್ತಿಗೂ ಅಡಿಬರಹವಿಲ್ಲ. ಹೊರನಾಡಿನಲ್ಲಿ ಹುಟ್ಟಿ ಬೆಳೆದು, ಕನ್ನಡ ಅರ್ಧಂಬರ್ಧ ಬರುವ ಮೊಮ್ಮಕ್ಕಳಿಗೆ ‘ಓಂ’ ತೋರಿಸಬೇಕೆಂದರೆ ಅಜ್ಜಿಯೇ ಪಕ್ಕದಲ್ಲಿ ಕೂತು ವಿವರಿಸಬೇಕು.

ಮಾಡಬೇಕಾದ ಮೊದಲ ಕೆಲಸಕ್ಕೆ ಕೋಟಿಗಟ್ಟಲೆ ಹಣವೇನೂ ಬೇಡ. ಯಾವ ಕನ್ನಡ ಚಿತ್ರದ ಯಾವ ಹಕ್ಕು ಯಾರ ಬಳಿ, ಎಲ್ಲಿಯವರೆಗೆ ಇದೆ, ನೆಗೆಟಿವ್ ಯಾವ ಊರಿನ ಯಾವ ಕೋಣೆಯಲ್ಲಿದೆ ಎಂಬ ಒಂದು ಖಾತೆ–ಪಹಣಿ ಬೇಕು. ಕರ್ನಾಟಕ ಚಲನಚಿತ್ರ ಅಕಾಡೆಮಿ, ವಾಣಿಜ್ಯ ಮಂಡಳಿ ಕೂತು ಮಾಡಬಹುದಾದ ಕೆಲಸ ಇದು. ಜಮೀನಿನ ಪಹಣಿ ಇಲ್ಲದವನಿಗೆ ಸಾಲ ಹುಟ್ಟದು. ಹಕ್ಕಿನ ಕಾಗದ ಸರಿಯಿಲ್ಲದ ಚಿತ್ರಕ್ಕೆ ಹಣ ಹಾಕುವವರೂ ಹುಟ್ಟರು. 156 ಚಿತ್ರ ಒಟ್ಟಿಗೆ ಕೊಳ್ಳಲು ಹಾಂಕಾಂಗಿಗೆ ಗಿರಾಕಿ ಬಂದದ್ದು ಅವು ಒಂದೇ ಖಾತೆಯಲ್ಲಿದ್ದುದರಿಂದ. ನಮ್ಮ ನಿರ್ಮಾಪಕರಲ್ಲಿ ಎಷ್ಟೋ ಮಂದಿ ಒಂದೇ ಚಿತ್ರ ಮಾಡಿ, ಸೋತು, ಊರು ಸೇರಿದವರು. ಅವರ ಮಕ್ಕಳಿಗೆ ಅಟ್ಟದ ಮೇಲಿನ ಕಾಗದದ ಬೆಲೆ ಗೊತ್ತಿಲ್ಲ.

ಎರಡನೆಯದು ಸರ್ಕಾರದ ಸಹಾಯಧನ. ಪ್ರತಿ ವರ್ಷ ಕನ್ನಡ ಚಿತ್ರಗಳಿಗೆ ಬೊಕ್ಕಸದಿಂದ ಹಣ ಹೋಗುತ್ತದೆ. ಆ ಹಣ ಪಡೆದ ಚಿತ್ರದ ಉತ್ತಮ ದರ್ಜೆಯ ಒಂದು ಪ್ರತಿಯನ್ನು ಸುರಕ್ಷಿತ ಭಂಡಾರದಲ್ಲಿ ಇಡಬೇಕೆಂಬ ಕಟ್ಟುನಿಟ್ಟು ಇರಲಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಎಲ್ಲ ಭಾಷೆಗಳ ಭಾರ ಹೊರುತ್ತಿದೆ; ಕನ್ನಡದ ಭಾರದಲ್ಲಿ ಒಂದು ಪಾಲನ್ನಾದರೂ ಕನ್ನಡಿಗರು ಹೊರಬೇಡವೇ? ಸಂಗ್ರಹಕ್ಕೆ ಆರಿಸುವಾಗ ಪ್ರಶಸ್ತಿಯ ಚಿತ್ರ ಮೇಲು, ಫೈಟಿಂಗ್ ಚಿತ್ರ ಕೀಳು ಎಂಬ ಮಡಿಯನ್ನು ಬಿಡಬೇಕು. ಇವತ್ತು ಚಿತ್ರ ವಿದ್ವಾಂಸರು ಪುಸ್ತಕದ ಮೇಲೆ ಪುಸ್ತಕ ಬರೆಯುತ್ತಿರುವ ಜಾನ್ ವೂ ಚಿತ್ರಗಳನ್ನು ಅಂದು ಮೊದಲು ನೋಡಿ ಮೆಚ್ಚಿದವರು ಅಗ್ಗದ ಟಿಕೆಟ್ಟಿನ ಹುಡುಗರು.

ಕೊನೆಗೊಂದು ಲೆಕ್ಕ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ‘ಓಂ’ ಚಿತ್ರದ ಮೇಲಿನ ಈ ಹಕ್ಕು 2055ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಕಥೆ, ಸಂಗೀತದ ಹಕ್ಕುಗಳ ಅವಧಿ ಬೇರೆ, ಅವು ಇನ್ನೂ ಮುಂದಕ್ಕೆ ಹೋಗುತ್ತವೆ. ಅಂತೂ ಒಂದು ದಿನ ಈ ಚಿತ್ರ ಯಾರ ಸ್ವತ್ತೂ ಅಲ್ಲದ, ಎಲ್ಲರ ಸ್ವತ್ತಾಗುತ್ತದೆ. ಕಾಗದದ ಮೇಲಿನ ಹಕ್ಕು ಮುಗಿಯುವ ದಿನಾಂಕವನ್ನು ಕಾಯ್ದೆ ಬರೆದಿಟ್ಟಿದೆ. ನೆಗೆಟಿವ್ ಕೊಳೆಯುವ ದಿನಾಂಕವನ್ನು ಯಾರೂ ಬರೆದಿಟ್ಟಿಲ್ಲ, ಅದು ಹಕ್ಕು ಮುಗಿಯುವ ದಿನಕ್ಕಿಂತ ಮೊದಲೇ ಬಂದರೆ ಎಲ್ಲರ ಸ್ವತ್ತಾಗಲು ಸ್ವತ್ತೇ ಉಳಿದಿರುವುದಿಲ್ಲ. ಆದ್ದರಿಂದ ಹಕ್ಕು ಕೈಯಲ್ಲಿರುವವರು ಅದನ್ನು ಎಷ್ಟಕ್ಕೆ ಬೇಕಾದರೂ ಮಾರಲಿ, ಬೇಡವೆಂದರೆ ಇಪ್ಪತ್ತು ವರ್ಷ ಮಾರದೆಯೂ ಇರಲಿ. ಸ್ಕ್ಯಾನ್ ಮಾತ್ರ ಇವತ್ತೇ ಆಗಲಿ.